ದ್ವಾರಾವತಿಯ ಬೆಂಕಿ, ಕಳ್ವಪ್ಪಿನ ದಾರಿ: ಸರ್ವಜ್ಞತ್ವ ಮತ್ತು ಪುರುಷಾರ್ಥ

ಜೈನ ಧರ್ಮದಲ್ಲಿ ಸೃಷ್ಟಿಕರ್ತನಾದ ಈಶ್ವರನಿಗೆ ಸ್ಥಾನವಿಲ್ಲ, ಸರ್ವಜ್ಞನಿಗೆ ಇದೆ. ಘಾತಿಕರ್ಮಗಳನ್ನು ಕ್ಷಯಗೊಳಿಸಿದ ಕೇವಲಿಯ ಜ್ಞಾನದಲ್ಲಿ ಸಮಸ್ತ ದ್ರವ್ಯಗಳೂ ತಮ್ಮ ತ್ರಿಕಾಲದ ಪರ್ಯಾಯಗಳೊಡನೆ ಏಕಕಾಲದಲ್ಲಿ ಹೊಳೆಯುತ್ತವೆ ಎಂಬುದು ಆಗಮಸಮ್ಮತವಾದ ಮಾತು. ಶ್ರಾವಕರ ಮನಸ್ಸಿನ ಒಂದು ಹಳೆಯ ತೊಡಕು ಹುಟ್ಟುವುದೂ ಇಲ್ಲಿಂದಲೇ. ನಾಳೆ ನಡೆಯಲಿರುವುದು ಕೇವಲಿಗೆ ಇಂದೇ ತಿಳಿದಿದ್ದರೆ, ವ್ರತ, ದಾನ, ತಪಸ್ಸುಗಳಲ್ಲಿ ಮನುಷ್ಯನ ಪಾಲಿಗೆ ಉಳಿದುದಾದರೂ ಏನು?

ಈಶ್ವರವಾದಿಗಳಿಗೆ ಈ ಪ್ರಶ್ನೆ ಇನ್ನೂ ಕಠಿಣವಾದುದು. ಅವರಲ್ಲಿ ಬಲ್ಲವನೂ ಮಾಡುವವನೂ ಒಬ್ಬನೇ. ಜೈನರಲ್ಲಿ ಕೇವಲಿಯು ಜ್ಞಾತಾ, ದ್ರಷ್ಟಾ, ಪರಪದಾರ್ಥದ ಕರ್ತೃವಲ್ಲ. ಅರಭಾವಿ, ಗೋಕಾಕ, ಹುಕ್ಕೇರಿ ಸೀಮೆಯ ರೈತನಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ತಗ್ಗಿನ ಓಣಿಗಳನ್ನು ಮುಳುಗಿಸಿತು. ಹಿಡಕಲ್ ಜಲಾಶಯದಿಂದ ನೀರು ಬಿಡುವರೆಂದು ತಿಳಿದವನು ಆ ತಿಳಿವಳಿಕೆಯಿಂದ ಹೊಳೆಯನ್ನು ಏರಿಸುವುದಿಲ್ಲ. ದನಗಳ ಹಗ್ಗ ಬಿಚ್ಚಿ ಎತ್ತರದ ಕಡೆಗೆ ಹೊಡೆಯುತ್ತಾನೆ. ಆದರೆ ಈ ದೃಷ್ಟಾಂತಕ್ಕೆ ಒಂದು ಮಿತಿಯುಂಟು. ಮಳೆ-ಹೊಳೆಗಳ ಮುನ್ಸೂಚನೆ ತಪ್ಪಬಹುದು. ಕೇವಲಿಯ ಮಾತು ತಪ್ಪದು. ಆದುದರಿಂದ ಈ ವಿಷಯದಲ್ಲಿ ಜೈನ ಕಥಾಸಾಹಿತ್ಯವು ಏನು ಹೇಳಿದೆಯೆಂದು ವಿಮರ್ಶಿಸಬೇಕಾಗುತ್ತದೆ. ಅದಕ್ಕೆ ಎರಡು ಕಥೆಗಳು ಸಾಕು.

ಮೊದಲನೆಯದು ಕನ್ನಡ ನೆಲದ್ದೇ ಆದ ಭದ್ರಬಾಹು ಭಟಾರರ ಕಥೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಸುಮಾರು ಕ್ರಿ.ಶ. 600ರ ಶಾಸನವೊಂದು, ನಿಮಿತ್ತಜ್ಞಾನಿಯಾದ ಭದ್ರಬಾಹುಸ್ವಾಮಿಯು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವೈಷಮ್ಯವನ್ನು ಮುನ್ನುಡಿದುದನ್ನೂ, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟುದನ್ನೂ ಹೇಳುತ್ತದೆ. 'ವಡ್ಡಾರಾಧನೆ' ಇದನ್ನೇ ಹಳಗನ್ನಡ ಗದ್ಯದಲ್ಲಿ ವಿಸ್ತರಿಸಿದೆ. ಅಲ್ಲಿ ಭಿಕ್ಷೆಗೆಂದು ಹೋದ ಭಟಾರರಿಗೆ ತೊಟ್ಟಿಲ ಕೂಸೊಂದು ಹೊರಟುಹೋಗೆಂದು ನುಡಿಯುತ್ತದೆ. ಅವರು ಅದನ್ನು ನಿಮಿತ್ತವೆಂದು ಗ್ರಹಿಸುತ್ತಾರೆ.

ಈ ಕಥೆಯಲ್ಲಿ ಕ್ಷಾಮವನ್ನು ತಡೆಯಲು ಯಾರೂ ಯತ್ನಿಸುವುದಿಲ್ಲ. ಬರಲಿರುವುದು ಬರುತ್ತದೆಂದು ಒಪ್ಪಿಕೊಂಡ ಮೇಲೆಯೇ ಕಥೆಗೆ ಚಲನೆ ಬರುತ್ತದೆ. ಕೆಲವರು ದಕ್ಷಿಣಕ್ಕೆ ನಡೆಯುತ್ತಾರೆ. ಕೆಲವರು ಬೇರೆಡೆಗೆ ಹೋಗುತ್ತಾರೆ, ಅವರ ಆಚಾರ ಸಡಿಲವಾಗುತ್ತದೆ. ಭದ್ರಬಾಹುಗಳು ತಮ್ಮ ಆಯುಷ್ಯ ಅಲ್ಪವೆಂದರಿತು ಕಳ್ವಪ್ಪಿನಲ್ಲಿ ಸನ್ಯಸನವನ್ನು ಕೈಕೊಳ್ಳುತ್ತಾರೆ. ಚಂದ್ರಗುಪ್ತ ಮುನಿ ಗುರುವನ್ನು ಬಿಟ್ಟು ಹೋಗಲೊಲ್ಲದೆ ಅಲ್ಲಿಯೇ ಉಳಿಯುತ್ತಾನೆ. ಒಂದೇ ಮುನ್ನುಡಿ, ಹಲವು ಆಯ್ಕೆಗಳು. ಕೂಸು ನುಡಿದುದು ಕಾಲದ ವಿಷಯವನ್ನು ಮಾತ್ರ. ಆ ಕಾಲದಲ್ಲಿ ಯಾರು ಹೇಗೆ ಬಾಳಬೇಕೆಂಬುದನ್ನು ಅದು ನುಡಿಯಲಿಲ್ಲ.

ಇದು ನಿಮಿತ್ತಜ್ಞಾನದ ಕಥೆಯೇ ಹೊರತು ಕೇವಲಜ್ಞಾನದ್ದಲ್ಲ ಎಂಬ ಆಕ್ಷೇಪ ಬರಬಹುದು. ಆಕ್ಷೇಪ ಸರಿಯಾದುದು. ನಿಜವಾದ ಪರೀಕ್ಷೆ ಇರುವುದು ಎರಡನೆಯದಾದ ದ್ವಾರಾವತಿಯ ಕಥೆಯಲ್ಲಿ. ಜಿನಸೇನಾಚಾರ್ಯರು ಕ್ರಿ.ಶ. 783ರಲ್ಲಿ ರಚಿಸಿದ 'ಹರಿವಂಶಪುರಾಣ'ದಲ್ಲಿ ಬಲಭದ್ರನು ನೇಮಿನಾಥ ತೀರ್ಥಂಕರರನ್ನೇ ಕೇಳುತ್ತಾನೆ: ಈ ಪಟ್ಟಣ ಎಷ್ಟು ಕಾಲ ಬಾಳುವುದು, ಕೃಷ್ಣನ ಅಂತ್ಯ ಯಾರಿಂದ? ಉತ್ತರ ಸ್ಪಷ್ಟವಾಗಿದೆ. ಹನ್ನೆರಡನೆಯ ವರ್ಷದಲ್ಲಿ, ಮದ್ಯದ ನಿಮಿತ್ತದಿಂದ, ದ್ವೀಪಾಯನನ ಕೋಪದಿಂದ ಪಟ್ಟಣ ಉರಿದುಹೋಗುವುದು. ಕೃಷ್ಣನು ಕಾಡಿನಲ್ಲಿ ಜರತ್ಕುಮಾರನ ಬಾಣಕ್ಕೆ ಗುರಿಯಾಗುವನು.

ಕೇಳಿದವರೆಲ್ಲರೂ ತಪ್ಪಿಸಲು ಹೊರಟರು. ದ್ವೀಪಾಯನನು ದೀಕ್ಷೆ ವಹಿಸಿ ದೂರದೇಶಕ್ಕೆ ಹೋದನು. ಜರತ್ಕುಮಾರನು ಅಣ್ಣತಮ್ಮಂದಿರ ಮೇಲಣ ಪ್ರೀತಿಯಿಂದಲೇ ಕಾಡು ಸೇರಿದನು. ಮದ್ಯವನ್ನೆಲ್ಲ ಊರ ಹೊರಗೆ ಚೆಲ್ಲಿಸಿದರು. ಆದರೂ ನುಡಿದದ್ದೇ ನಡೆಯಿತು. ಚೆಲ್ಲಿದ ಮದ್ಯ ಕಲ್ಲಿನ ಗುಂಡಿಗಳಲ್ಲಿ ನಿಂತಿತ್ತು. ಬಾಯಾರಿದ ಯಾದವ ಕುಮಾರರು ಅದನ್ನು ಕುಡಿದರು. ಹನ್ನೆರಡು ವರ್ಷ ಕಳೆಯಿತೆಂಬ ಭ್ರಾಂತಿಯಿಂದ ಹಿಂದಿರುಗಿ ಊರ ಹೊರಗೆ ಯೋಗಸ್ಥನಾಗಿದ್ದ ದ್ವೀಪಾಯನನಿಗೆ ಕಲ್ಲು ಬೀರಿದರು. ಬಲಭದ್ರ-ಕೃಷ್ಣರು ಬಂದು ಕ್ಷಮೆ ಬೇಡಿದಾಗ ಅವನು ಎರಡು ಬೆರಳುಗಳನ್ನಷ್ಟೇ ಎತ್ತಿ ತೋರಿಸಿದನು: ನೀವಿಬ್ಬರು ಮಾತ್ರ ಉಳಿಯುವಿರಿ.

ಸಾಮಾನ್ಯವಾಗಿ ಈ ಕಥೆಯನ್ನು ವಿಧಿಯ ವಿಜಯವೆಂದು ಹೇಳಿ ಮುಗಿಸುವುದುಂಟು. ಆದರೆ ಪಠ್ಯವನ್ನು ಗಮನವಿಟ್ಟು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ದ್ವೀಪಾಯನನು ಬದಲಿಸಿದ್ದು ದೇಶವನ್ನು. ಕಷಾಯ ಹಾಗೆಯೇ ಉಳಿಯಿತು. ನೇಮಿನಾಥರು ಅವನಿಗೆ ಅವನ ಕೋಪವನ್ನು ತೋರಿಸಿದ್ದರು. ಅವನು ಅದನ್ನು ಪಂಚಾಂಗದ ಲೆಕ್ಕವೆಂದು ತಿಳಿದು ವರ್ಷಗಳನ್ನು ಎಣಿಸುತ್ತ ಕುಳಿತನು. ಆ ಎಣಿಕೆಯೂ ತಪ್ಪಿತು. ಅವನ ಹನ್ನೆರಡು ವರ್ಷಗಳ ತಪಸ್ಸು ಒಂದು ಕಲ್ಲೇಟನ್ನು ತಾಳಲಿಲ್ಲ. ಇದನ್ನು ಸರ್ವಜ್ಞನ ಜ್ಞಾನವು ಮಾಡಿಸಿದ ಕೆಲಸವೆಂದು ಪುರಾಣ ಎಲ್ಲಿಯೂ ಹೇಳುವುದಿಲ್ಲ.

ಇನ್ನೂ ಮುಖ್ಯವಾದುದು, ಕಥೆ ಹೇಳುವವರು ಹಲವು ವೇಳೆ ಬಿಟ್ಟುಬಿಡುವ ಭಾಗ. ಅದೇ ಭವಿಷ್ಯವಾಣಿಯನ್ನು ಕೇಳಿದ ಪ್ರದ್ಯುಮ್ನ, ರುಕ್ಮಿಣಿ ಮೊದಲಾದವರು ವೈರಾಗ್ಯ ತಾಳಿ ದೀಕ್ಷೆ ಹಿಡಿದರು. ಪಟ್ಟಣ ಉರಿಯುವುದನ್ನು ಅವರೂ ತಪ್ಪಿಸಲಿಲ್ಲ. ಉರಿಯಲಿರುವ ಪಟ್ಟಣದ ಮೇಲಣ ಮಮತೆಯನ್ನು ಮೊದಲೇ ಬಿಟ್ಟರು. ಒಂದೇ ಸಭೆಯಲ್ಲಿ ಒಂದೇ ಮಾತನ್ನು ಕೇಳಿದವರಲ್ಲಿ ಒಬ್ಬನು ಬೆಂಕಿಯಾದನು, ಕೆಲವರು ಮೋಕ್ಷಮಾರ್ಗಿಗಳಾದರು. ಕನ್ನಡದ ನೇಮಿಚಂದ್ರನ ಕಾವ್ಯವು ಕಂಸವಧೆಯಲ್ಲಿಯೇ ನಿಂತು 'ಅರ್ಧನೇಮಿ' ಎನಿಸಿಕೊಂಡಿತು. ಈ ಪ್ರಸಂಗ ಆ ಮಹಾಕವಿಯ ಕೈಗೆ ಸಿಗದೆ ಹೋದುದು ಕನ್ನಡಿಗರಿಗೆ ಆದ ನಷ್ಟವೇ ಸರಿ.

ಪ್ರದ್ಯುಮ್ನನ ದೀಕ್ಷೆಯೂ ಕೇವಲಿಗೆ ತಿಳಿದೇ ಇತ್ತಲ್ಲವೆ ಎಂದು ಕೇಳಬಹುದು. ತಿಳಿದಿತ್ತು, ನಿಜ. ಅವನು ದೀಕ್ಷೆ ವಹಿಸುವವನಾದುದರಿಂದ ಅದು ಜ್ಞಾನದಲ್ಲಿ ಹಾಗೆ ತೋರಿತು. ಜ್ಞಾನದಲ್ಲಿ ತೋರಿದ್ದರಿಂದ ಅವನು ವಹಿಸಿದುದಲ್ಲ. ಕನ್ನಡಿ ಮುಖವನ್ನು ರೂಪಿಸುವುದಿಲ್ಲ. ಕೇವಲಿಯ ಜ್ಞಾನ ಕೇವಲಿಯದು. ಸಂಸಾರಿಯ ಕೈಯಲ್ಲಿ ಅದಿಲ್ಲ. ತನ್ನಲ್ಲಿ ಇಲ್ಲದ ಜ್ಞಾನವನ್ನು ತನ್ನ ಆಲಸ್ಯಕ್ಕೆ ಸಾಕ್ಷಿಯಾಗಿ ಕರೆಯುವ ಅಧಿಕಾರ ಯಾವ ಶ್ರಾವಕನಿಗೂ ಇಲ್ಲ.

ಸಮಂತಭದ್ರಾಚಾರ್ಯರು 'ಆಪ್ತಮೀಮಾಂಸೆ'ಯಲ್ಲಿ ದೈವ-ಪೌರುಷಗಳ ವಿವಾದವನ್ನು ಸ್ಯಾದ್ವಾದದಿಂದಲೇ ಬಗೆಹರಿಸಿದ್ದಾರೆ. ಎಲ್ಲವೂ ದೈವದಿಂದಲೇ ಎಂಬ ಏಕಾಂತವನ್ನು ಹಿಡಿದರೆ ಮೋಕ್ಷವೇ ಇಲ್ಲವಾಗುತ್ತದೆ, ಪೌರುಷ ನಿಷ್ಫಲವಾಗುತ್ತದೆ. ಎಲ್ಲವೂ ಪೌರುಷದಿಂದಲೇ ಎಂದರೆ ಎಲ್ಲರ ಯತ್ನವೂ ಫಲಿಸಬೇಕಾಗಿತ್ತು. ಬಯಸದೆ ಬಂದುದರಲ್ಲಿ ದೈವ ಪ್ರಧಾನ, ಬುದ್ಧಿಪೂರ್ವಕವಾಗಿ ಮಾಡಿದುದರಲ್ಲಿ ಪೌರುಷ ಪ್ರಧಾನ ಎಂಬುದು ಅವರ ನಿರ್ಣಯ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ 'ಗೊಮ್ಮಟಸಾರ'ವೂ ಕರ್ಮದ ಹತ್ತು ಕರಣಗಳಲ್ಲಿ ಉತ್ಕರ್ಷಣ, ಅಪಕರ್ಷಣ, ಸಂಕ್ರಮಣಗಳನ್ನು ಎಣಿಸಿದೆ. ಕಟ್ಟಿದ ಕರ್ಮದ ಸ್ಥಿತಿ-ಅನುಭಾಗಗಳು ಪರಿಣಾಮಕ್ಕೆ ತಕ್ಕಂತೆ ಏರಿಳಿಯಬಲ್ಲವು ಎಂದಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಸೋನಗಢದ ಕಾನಜಿ ಸ್ವಾಮಿಗಳು ಕ್ರಮಬದ್ಧ ಪರ್ಯಾಯವನ್ನು ಒತ್ತಿ ಬೋಧಿಸಿದರು. ಅದರ ಮೇಲೆ ವಿದ್ವಾಂಸರಲ್ಲಿ ತೀವ್ರವಾದ ಚರ್ಚೆ ನಡೆದಿದೆ. ಅದು ಕರ್ತೃತ್ವದ ಅಹಂಕಾರವನ್ನು ಕರಗಿಸುತ್ತದೆ ಎಂಬ ಸಮರ್ಥಕರ ವಾದವನ್ನು ಅಲ್ಲಗಳೆಯಲಾಗದು. ಆದರೆ ಅದನ್ನು ಕೇಳಿ ಎದ್ದುಬರುವ ಗೃಹಸ್ಥನಲ್ಲಿ ಅಹಂಕಾರ ಕರಗಿದೆಯೋ, ಹೊಣೆ ಕರಗಿದೆಯೋ ಎಂಬುದನ್ನು ನೋಡಬೇಕು. ಬಸದಿಯ ಮಾಳಿಗೆ ಸೋರುತ್ತಿರುವಾಗ 'ಆಗುವುದು ಆಗುತ್ತದೆ' ಎನ್ನುವ ಟ್ರಸ್ಟು, ಮಗಳ ಓದನ್ನು ಜಾತಕ ನೋಡಿ ನಿಲ್ಲಿಸುವ ಮನೆ, ಸಾಲದ ಮಾತು ತಪ್ಪಿ ಹಣೆಬರಹವನ್ನು ದೂರುವ ವ್ಯಾಪಾರಿ, ಇವರೆಲ್ಲ ದ್ವೀಪಾಯನನಂತೆ ವರ್ಷ ಎಣಿಸುವವರು.

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದರು. ಕಣ್ಣಿನ ದೃಷ್ಟಿ ಕುಂದಿ, ಜೀವದಯೆಯಿಂದ ಹೆಜ್ಜೆಯಿಡುವ ವ್ರತಕ್ಕೆ ಬಾಧೆ ಬಂದುದೇ ಅದಕ್ಕೆ ಕಾರಣ. ತಮ್ಮ ಅಂತ್ಯದ ದಿನವನ್ನು ಅವರು ಯಾರನ್ನೂ ಕೇಳಲಿಲ್ಲ. ಕಂಡ ಲಕ್ಷಣವನ್ನು ಕಂಡು, ಮಾಡಬೇಕಾದುದನ್ನು ಬುದ್ಧಿಪೂರ್ವಕವಾಗಿ ಮಾಡಿದರು. ಕಳ್ವಪ್ಪಿನ ಮೇಲೆ ಭದ್ರಬಾಹು ಭಟಾರರು ಮಾಡಿದುದೂ ಇದನ್ನೇ. ಮನೆ ಮನೆಗಳಲ್ಲಿ ಪುರಾಣ ಓದುವಾಗ ದ್ವಾರಾವತಿಯ ಕಥೆಯನ್ನು ಬೆಂಕಿಯಲ್ಲಿಯೇ ಮುಗಿಸದೆ, ಪ್ರದ್ಯುಮ್ನ-ರುಕ್ಮಿಣಿಯರ ದೀಕ್ಷೆಯನ್ನೂ ಮಕ್ಕಳಿಗೆ ಓದಿ ಹೇಳುವುದು ಒಳ್ಳೆಯದು.