ಗುಮ್ಮಟದ ಒಳಗಿನ ಬಯಲು

ಬಬಲೇಶ್ವರದಿಂದ ಬರುವ ಬಸ್ಸು ವಿಜಯಪುರದ ಹತ್ತಿರಕ್ಕೆ ಬಂತೆಂದರೆ ಯಾರಾದರೊಬ್ಬ ತಾಯಿ ಕೂಸಿಗೆ 'ಅಲ್ಲಿ ನೋಡು, ಗುಮ್ಮಟ' ಎಂದು ತೋರಿಸಿಯೇ ತೋರಿಸುತ್ತಾಳೆ. ಮಟ್ಟಸ ಎರೆಭೂಮಿ, ಮರೆಮಾಡಲು ಗುಡ್ಡವಿಲ್ಲ. ಆದರೆ ದೂರದಿಂದ ಕಾಣುವ ಗೋಳಗುಮ್ಮಟ ಅಂಥ ಚೆಲುವಿನದೇನಲ್ಲ. ಕರಿಗಲ್ಲಿನ ದಪ್ಪ ಚೌಕ, ಮೂಲೆಗೊಂದು ಏಳಂತಸ್ತಿನ ಮಿನಾರು, ಮೇಲೆ ಬೋರಲು ಹಾಕಿದ ಹರಿವಿ. ಇದೇ ಊರಿನ ಇಬ್ರಾಹಿಂ ರೋಜಾದ ಕುಸುರಿ ಕಂಡ ಕಣ್ಣಿಗೆ ಇದು ಒಡ್ಡೊಡ್ಡೇ.

ಒಳಗೆ ಕಾಲಿಟ್ಟ ಮೇಲೆ ಮಾತು ಬೇರೆ. ಒಂದೊಂದು ಬದಿಗೆ ಸುಮಾರು 41 ಮೀಟರ್, ನಡುವೆ ಒಂದೂ ಕಂಬವಿಲ್ಲ. ರೋಮಿನ ಪ್ಯಾಂಥಿಯನ್ ಗುಮ್ಮಟ ಇದಕ್ಕಿಂತ ಅಗಲ, 43 ಮೀಟರ್ ದಾಟುತ್ತದೆ. ಆದರೆ ಅಲ್ಲಿ ದುಂಡು ಗುಮ್ಮಟಕ್ಕೆ ದುಂಡು ಗೋಡೆ, ಅದೂ ಆರು ಮೀಟರ್ ದಪ್ಪದ್ದು. ಇಲ್ಲಿ ಅದರರ್ಧ ದಪ್ಪದ ಗೋಡೆಯ ಚೌಕದ ಮೇಲೆ ದುಂಡನ್ನು ಕೂರಿಸಬೇಕಿತ್ತು. ಮುಹಮ್ಮದ್ ಆದಿಲ್‌ಶಾಹನ (1627–1656) ಕಾಲದ ಕಟ್ಟಡಗಾರರು ಒಂದರ ಮೇಲೊಂದು ಓರೆಯಾಗಿಟ್ಟ ಎರಡು ಚೌಕಗಳ ಹಾಗೆ ಎಂಟು ಕಮಾನು ಹೆಣೆದರು. ಅವು ಏರುತ್ತ ಒಂದನ್ನೊಂದು ಹಾಯ್ದು ಒಳಕ್ಕೆ ಬಾಗುತ್ತವೆ. ಗುಮ್ಮಟ ಗೋಡೆಯನ್ನು ಹೊರಕ್ಕೆ ನೂಕಿದರೆ, ಒಳಕ್ಕೆ ಚಾಚಿದ ಈ ಭಾರ ಅದನ್ನು ಹಿಡಿದು ನಿಲ್ಲಿಸುತ್ತದೆ. 'ಜಗತ್ತಿನ ಎರಡನೆಯ ದೊಡ್ಡ ಗುಮ್ಮಟ' ಎಂದು ನಮಗೆ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಇಂದಿನ ಕ್ರೀಡಾಂಗಣಗಳ ಚಾವಣಿಯ ಮುಂದೆ ಆ ಲೆಕ್ಕ ನಿಲ್ಲುವುದಿಲ್ಲ. ಕಮಾನಿನ ಹೆಣಿಗೆಯನ್ನು ಮಾತ್ರ ಯಾರೂ ಪಾಠ ಮಾಡಲಿಲ್ಲ.

ಮಗ ಎರಡನೆಯ ಅಲಿ ಆದಿಲ್‌ಶಾಹ ತನ್ನ ಗೋರಿಯಲ್ಲಿ ಅಪ್ಪನ ಈ ಗೋರಿಯನ್ನು ಮೀರಿಸಲು ಹೊರಟ. 66 ಮೀಟರ್ ಬದಿಯ ಚೌಕ ಎದ್ದಿತು. 1672ರಲ್ಲಿ ಅವನು ತೀರಿಹೋದ, ಕೆಲಸ ಕಮಾನಿನಲ್ಲೇ ನಿಂತು ಬಾರಾ ಕಮಾನ್ ಆಯಿತು. ಬೆಳದಿಂಗಳಲ್ಲಿ ಅದನ್ನು ನೋಡಿ ಕವಿಗಳಾದವರಿದ್ದಾರೆ. ನನಗೆ ಕಾಣುವುದು ಅಳತೆಯ ಪೈಪೋಟಿ: ಗುಮ್ಮಟ ಏರುವ ಮೊದಲೇ ಗೋರಿ ಬಂತು.

ಪೈಪೋಟಿ ಇನ್ನೂ ಮುಗಿದಿಲ್ಲ. ಉಕ್ಕಲಿ ರಸ್ತೆಯ ಶಿವಗಿರಿಯಲ್ಲಿ 2006ರಿಂದ 85 ಅಡಿಯ ಶಿವ ಕುಳಿತಿದ್ದಾನೆ. ಸಿಮೆಂಟು, ಕಬ್ಬಿಣದ ಮೈ. ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ಅಲ್ಲಿ ಬಂಡೆಯನ್ನು ಕಳೆಯುತ್ತ ಕಳೆಯುತ್ತ ಮೂರ್ತಿ ಸಿಕ್ಕಿತು. ಉಳಿಯ ಏಟು ತಪ್ಪಿದ್ದರೆ ಮೆತ್ತಿ ಸರಿಪಡಿಸುವಂತಿರಲಿಲ್ಲ. ಆ ಅಂಜಿಕೆಯೇ ತುಟಿಯಂಚಿನ ನಗೆಯನ್ನು ಅಷ್ಟು ಹದವಾಗಿಸಿತೇನೋ. ಶಿವಗಿರಿಯಲ್ಲಿ ಅಳತೆ ಕೂಡಿಸುತ್ತ ಬಂದದ್ದು. ಇನ್ನೂ ಹತ್ತಡಿ ಏರಿಸಿದ್ದರೂ ಮುಖ ಹೀಗೆಯೇ ಇರುತ್ತಿತ್ತು. ಭಕ್ತಿಯ ಮಾತು ಬೇರೆ. ಕೈಮುಗಿಯುವವರಿಗೆ ಒಂದು ಬೊಗಸೆ ಲಿಂಗವೂ ಸಾಕು. ನಾನಾಡುತ್ತಿರುವುದು ಶಿಲ್ಪದ ಮಾತು.

ಗೋಳಗುಮ್ಮಟ ಕಟ್ಟಿದವರು ದೊಡ್ಡದು ಮಾಡಿದ್ದು ಕಲ್ಲನ್ನೇ ಆದರೂ ಒದಗಿಸಿಕೊಟ್ಟಿದ್ದು ಬಯಲು. ಆ ಬಯಲಿಗೆ ಕಿವಿಯೂ ಉಂಟು. ಮಿನಾರಿನ ಇಕ್ಕಟ್ಟು ಮೆಟ್ಟಿಲು ಹತ್ತಿ ಪಿಸುಮಾತಿನ ಮೊಗಸಾಲೆಗೆ ಹೋದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಕಿರುಚುವುದು. ಏಳೆಂಟು ಸಲ ಮರಳಿ ಬರುವ ದನಿಗಳು ಒಂದರ ಮೇಲೊಂದು ಬಿದ್ದು ಬರೀ ಗದ್ದಲವಾಗುತ್ತದೆ. ಹೋದ ಸಲ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹತ್ತಿದ್ದೆ. ನನಗಿಂತ ಮುಂಚೆ ಬಂದಿದ್ದ ಅಜ್ಜನೊಬ್ಬ ಗೋಡೆಗೆ ಬಾಯಿ ಹಚ್ಚಿ, 'ಊಟ ಮಾಡಿಯೇನವಾ' ಎಂದು ಮೆಲ್ಲಗೆ ಕೇಳಿದ. ಎದುರು ಬದಿಯಲ್ಲಿ ಗೊಂಬೆಯಷ್ಟೇ ಕಾಣುತ್ತಿದ್ದ ಮೊಮ್ಮಗಳು 'ಇಲ್ಲ ಯಜ್ಜಾ' ಅಂದದ್ದು ಪಕ್ಕದಲ್ಲೇ ಕೇಳಿಸಿತು. ಅಷ್ಟರಲ್ಲಿ ಕಾಲೇಜು ಹುಡುಗರ ಗುಂಪು ಮೆಟ್ಟಿಲು ಹತ್ತಿ ಬಂತು.