ಫ್ಯಾನಿನ ಸ್ವಿಚ್ಚೂ ಕೋಡಿಯ ಬಾಗಿಲೂ

ಈ ವಾರ ನಾಯಕತ್ವದ ಮೂರು ಪುಸ್ತಕಗಳನ್ನೂ ವಸ್ತುವಿನ್ಯಾಸದ ಮೂರು ಪುಸ್ತಕಗಳನ್ನೂ ಎದುರುಬದುರು ಇಟ್ಟು ತೂಗುವುದಾಗಿ ಅಂಕಣ ಸಾರಿತ್ತು. ಕೇಳಿದವರು ಕೋಲಾರದ ಹೋಳೂರು ಕಡೆಯ ಓದುಗರು. ಡಿಪ್ಲೊಮಾ ಮುಗಿಸಿ, ಕಂಪನಿ ಬಸ್ಸು ಹತ್ತಿ ನರಸಾಪುರದ ಕಾರ್ಖಾನೆಗಳಿಗೆ ಹೋಗುವ ಹುಡುಗ ಹುಡುಗಿಯರು. ಸೂಪರ್‌ವೈಸರ್ ಆಗಬೇಕು, ದುಡ್ಡಿರುವುದು ಒಂದೇ ಪುಸ್ತಕಕ್ಕೆ, ಯಾವುದನ್ನು ಕೊಳ್ಳುವುದು?

ನಾಯಕತ್ವದ ಪುಸ್ತಕಗಳ ಮೇಲೆ ಈ ಅಂಕಣಕ್ಕಿರುವ ಸಿಟ್ಟು ಖಾಯಂ ಓದುಗರಿಗೆ ಹೊಸದಲ್ಲ. ಅದಕ್ಕೆ ಮೂಲ ಜಿಮ್ ಕಾಲಿನ್ಸ್ 2001ರಲ್ಲಿ ತಂದ ‘ಗುಡ್ ಟು ಗ್ರೇಟ್’. ಸಾಧಾರಣ ಸ್ಥಿತಿಯಿಂದ ಎತ್ತರಕ್ಕೇರಿದವೆಂದು 11 ಕಂಪನಿಗಳನ್ನು ಆರಿಸಿ, ಆ ಏಳಿಗೆಯ ಒಂದು ಮುಖ್ಯ ಗುಟ್ಟನ್ನು ಮುಖ್ಯಸ್ಥರ ವಿನಯದಲ್ಲೂ ಛಲದಲ್ಲೂ ಕಂಡ ಪುಸ್ತಕ ಅದು. ಆ ಪೈಕಿ ಫ್ಯಾನಿ ಮೇ 2008ರಲ್ಲಿ ಅಮೆರಿಕ ಸರ್ಕಾರದ ಸುಪರ್ದಿಗೆ ಹೋಯಿತು. ಸರ್ಕ್ಯೂಟ್ ಸಿಟಿ 2009ರಲ್ಲಿ ಅಂಗಡಿಗಳಿಗೆ ಬೀಗ ಹಾಕಿತು. ಪುಸ್ತಕ ಮಾತ್ರ ಇವತ್ತಿಗೂ ಮಾರಾಟವಾಗುತ್ತಿದೆ! ಗೆದ್ದವರನ್ನು ಹಿಡಿದು ಗುಣಗಳ ಪಟ್ಟಿ ಮಾಡುವ ಈ ಚಾಳಿಯನ್ನು ಫಿಲ್ ರೋಸೆನ್‌ಝ್ವೀಗ್ 2007ರ ‘ದಿ ಹೇಲೋ ಎಫೆಕ್ಟ್’ನಲ್ಲಿ ಝಾಡಿಸಿದ್ದಾರೆ. ಲಾಭ ಬಂದಾಗ ಧೀರ ಎನಿಸಿಕೊಂಡವನೇ ನಷ್ಟವಾದಾಗ ಹಟಮಾರಿ ಎನಿಸಿಕೊಳ್ಳುತ್ತಾನೆ. ಮನುಷ್ಯ ಬದಲಾಗಿರುವುದಿಲ್ಲ, ಲೆಕ್ಕಪತ್ರ ಬದಲಾಗಿರುತ್ತದೆ.

ವಿನ್ಯಾಸದ ಪುಸ್ತಕವಾದರೆ ಓದಿದ ಸಂಜೆಯೇ ಮನೆಯಲ್ಲಿ ಪರೀಕ್ಷಿಸಬಹುದು. ಡಾನ್ ನಾರ್ಮನ್ ಅವರ ‘ದಿ ಡಿಸೈನ್ ಆಫ್ ಎವ್ರಿಡೇ ಥಿಂಗ್ಸ್’ ಒಲೆಯ ಪ್ರಸಂಗವೊಂದನ್ನು ಎತ್ತಿಕೊಳ್ಳುತ್ತದೆ. ನಾಲ್ಕು ಬರ್ನರ್‌ಗಳು ಚೌಕದಲ್ಲಿ ಕೂತಿವೆ, ನಾಬ್‌ಗಳು ಒಂದೇ ಸಾಲಿನಲ್ಲಿವೆ. ಯಾವುದಕ್ಕೆ ಯಾವುದು? ತಪ್ಪಾಗಿ ತಿರುಗಿಸಿದವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ತಪ್ಪು ಒಲೆ ಮಾಡಿದವರದ್ದು ಎನ್ನುತ್ತಾರೆ ನಾರ್ಮನ್. ನಮ್ಮ ಮನೆಗಳ ಸ್ವಿಚ್‌ಬೋರ್ಡಿನದೂ ಇದೇ ಪಾಡು. ಎಂಟು ಸ್ವಿಚ್ಚು, ಎಲ್ಲವೂ ಒಂದೇ ಥರ, ಯಾವುದು ಫ್ಯಾನಿನದೆಂದು ನೆಂಟರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಫ್ಯಾನಿನ ಸ್ವಿಚ್ಚಿಗೆ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿರುತ್ತಾರೆ. ಹಾಗೆ ಅಂಟಿಸಿದ ಹೆಂಗಸು ನಾರ್ಮನ್ ಅವರನ್ನು ಓದಿದವಳಲ್ಲ.

ನರಸಾಪುರದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯೂ ಇದೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ವಿಚಾರಕ್ಕೆ ದಾಂಧಲೆ ನಡೆಯಿತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿರಲಿಲ್ಲವೆಂದು ಕಂಪನಿ ಒಪ್ಪಿಕೊಂಡು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ನಾಯಕತ್ವದ ಪಂಥದವರಿಗೆ ಕಥೆ ಅಲ್ಲಿಗೆ ಮುಗಿಯಿತು. ಆದರೆ ಹಾಜರಿ ದಾಖಲಿಸುವ ವ್ಯವಸ್ಥೆಯೇ ಕೆಟ್ಟಿತ್ತೆಂದು ಕಾರ್ಖಾನೆಗಳ ಇಲಾಖೆಯ ತನಿಖೆ ಹೇಳಿತ್ತು. ಜಗತ್ತೇ ಮೆಚ್ಚಿದ ಫೋನು ಸಿದ್ಧವಾಗುವ ಸೂರಿನಡಿ, ದುಡಿದ ಗಂಟೆ ಎಣಿಸುವ ಯಂತ್ರ ಸರಿಯಿರಲಿಲ್ಲ. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಗೆ ಹೋಯಿತು.

ನಾಯಕತ್ವದ ಬಗ್ಗೆ ಓದಲೇಬೇಕೆಂದರೆ ಕೋಲಾರ ಸೀಮೆಯ ಕಪಾಟು ಸಾಕು. ಮಾಲೂರು ತಾಲ್ಲೂಕಿನ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ರಾಜ್ಯ ಕಳೆದುಕೊಂಡವನ ಕಥೆ. ಮುಳಬಾಗಿಲಿನ ಡಿ.ವಿ.ಜಿ.ಯವರು ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಮೈಸೂರಿನ ದಿವಾನರಿಗೇ ಒಂದು ಸಂಪುಟ ಮೀಸಲಿಟ್ಟಿದ್ದಾರೆ.

ದಿವಾನರೆಂದ ಮೇಲೆ ಮುದ್ದೇನಹಳ್ಳಿಯ ಸರ್ ಎಂ.ವಿ. ಬಂದೇ ಬರಬೇಕು, 2007ರವರೆಗೆ ಆ ಊರು ಕೋಲಾರ ಜಿಲ್ಲೆಯದೇ ಆಗಿತ್ತು. 1951ರಲ್ಲಿ ಬಂದ ಅವರ ‘ಮೆಮ್ವಾರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಅನ್ನು ಅಂಗಡಿಯವರು ನಾಯಕತ್ವದ ಸಾಲಿಗೆ ಸೇರಿಸುತ್ತಾರೆ. ಅದನ್ನು ವಿನ್ಯಾಸದ ಪುಸ್ತಕವೆಂದೇ ಓದಬೇಕು ಎಂಬುದು ಅಂಕಣದ ಹಟ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಪ್ರಸಂಗ ನೋಡಿ. ಮಳೆಗಾಲದಲ್ಲಿ ಕೋಡಿ ಮೇಲೆ ನೀರು ಹರಿದು ಪೋಲಾಗುತ್ತಿತ್ತು, ಬೇಸಿಗೆಯಲ್ಲಿ ಕೊರತೆ. ಕೆರೆ ಸೀಮೆಯವರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಿಲ್ಲ. ನೀರು ಉಳಿಯಲೆಂದು ಕೋಡಿಗೆ ಮರಳುಚೀಲ ಒಡ್ಡಬಹುದು. ರಾತ್ರಿ ಜೋರು ಮಳೆ ಬಂದು, ಚೀಲ ಎತ್ತಬೇಕಾದ ನೀರುಗಂಟಿ ನಿದ್ದೆ ಹೋದರೆ ಏರಿಯೇ ಒಡೆಯುತ್ತದೆ. ವಿಶ್ವೇಶ್ವರಯ್ಯನವರು ಕಾವಲುಗಾರನನ್ನು ನೆಚ್ಚಲಿಲ್ಲ. ಕೋಡಿಗೆ ಬಾಗಿಲು ಕೂರಿಸಿ, ನೀರಿನ ಮಟ್ಟ ಸುಮಾರು 8 ಅಡಿ ಮೇಲೇರುವಂತೆ ಮಾಡಿದರು. ಆ ಗೆರೆ ದಾಟಿದೊಡನೆ ಬಾಗಿಲು ತಾನೇ ತೆರೆಯುತ್ತಿತ್ತು, ಪ್ರವಾಹ ಇಳಿದರೆ ತಾನೇ ಮುಚ್ಚುತ್ತಿತ್ತು. ಅಣೆಕಟ್ಟನ್ನು ಎತ್ತರಿಸುವ ಖರ್ಚೂ ಇಲ್ಲ. ಪೇಟೆಂಟ್ ಪಡೆದರೂ, ಸರ್ಕಾರಿ ನೌಕರಿಯಲ್ಲಿದ್ದು ಮಾಡಿದ್ದೆಂದು ರಾಯಲ್ಟಿ ಮುಟ್ಟಲಿಲ್ಲ. ಅಂಥದೇ ಬಾಗಿಲುಗಳು ಆಮೇಲೆ ಕನ್ನಂಬಾಡಿಗೂ ಬಂದವು.

ದುಡ್ಡು ಒಂದಕ್ಕೇ ಇದ್ದರೆ ನಾರ್ಮನ್ ಕೊಳ್ಳಿ, ಅದರಲ್ಲೂ 2013ರ ಪರಿಷ್ಕೃತ ಆವೃತ್ತಿಯನ್ನೇ ಕೇಳಿ. 1988ರ ಮೂಲದಲ್ಲಿ ವಿಸಿಆರ್, ಹಳೆಯ ಟೆಲಿಫೋನುಗಳ ಮಾತು ಜಾಸ್ತಿ. ಸರ್ ಎಂ.ವಿ., ಮಾಸ್ತಿ, ಡಿ.ವಿ.ಜಿ. ಮೂವರನ್ನೂ ಲೈಬ್ರರಿಯಲ್ಲಿ ವಿಚಾರಿಸಿ. ಸಾರಿದ್ದ ಆರರಲ್ಲಿ ನಾಲ್ಕು ಪುಸ್ತಕಗಳು ಮೇಜಿನ ಮೇಲೇ ಉಳಿದಿವೆ, ಜಾಗ ಮುಗಿಯಿತು.