ಬೆಟ್ಟ ಹತ್ತಿದ ಬೊಂತೆ

ಅಮೆರಿಕದ ಬೆಟ್ಟಸೀಮೆಗಳಲ್ಲಿ ಒಂದು ಬಗೆಯ ಯಾತ್ರೆ ನಡೆಯುತ್ತದೆ. ಪಟ್ಟಣದ ಹೆಂಗಸರು ದುಡ್ಡು ಕಟ್ಟಿ, ಹೊಲಿಗೆ ಮಿಷನ್ನು, ಬಟ್ಟೆ ತುಂಡುಗಳ ಗಂಟು ಕಾರಿಗೆ ಹಾಕಿಕೊಂಡು ಬೆಟ್ಟದ ಮೇಲಿನ ಶಿಬಿರಕ್ಕೆ ಹೋಗುತ್ತಾರೆ. ಮೂರು ದಿನವೋ ಒಂದು ವಾರವೋ ಅಲ್ಲೇ ಉಂಡು ಮಲಗಿ, ಒಟ್ಟಿಗೆ ಕೂತು ಕೌದಿ ಹೊಲಿದು ಇಳಿದು ಬರುತ್ತಾರೆ. ಉತ್ತರ ಕೆರೊಲಿನಾದ ಬೆಟ್ಟಗಳ ನಡುವೆ 1925ರಲ್ಲಿ ಶುರುವಾದ ಜಾನ್ ಸಿ. ಕ್ಯಾಂಪ್‌ಬೆಲ್ ಜಾನಪದ ಶಾಲೆಯಲ್ಲಿ ಇಂದಿಗೂ ಇಂಥ ತರಗತಿಗಳಿವೆ. ಇದನ್ನು ಗೇಲಿ ಮಾಡೋದು ಸುಲಭ, ನಾನು ಮಾಡುವುದಿಲ್ಲ. ಒಲೆ ಬಿಟ್ಟು ನಾಲ್ಕು ಹೆಂಗಸರು ಎಲ್ಲಿ ಕೂತರೂ ಒಳ್ಳೆಯದೇ. ನನ್ನ ತಕರಾರು ಕೌದಿಯನ್ನು ಓದುವ ರೀತಿಯ ಬಗ್ಗೆ. ಯಾಕೆಂದರೆ ಅಮೆರಿಕದ ಕೌದಿಗಾರ್ತಿಯರು ಈಗ ಆಸೆಪಟ್ಟು ಕಲಿಯುವ ಹೊಲಿಗೆಗಳಲ್ಲಿ ಒಂದು ನಮ್ಮ ನಾಡಿನದು. ಅದರ ಹೆಸರು ಕವಂದಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಅದು. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕರು. ಅವರ ಕುಲದವರು ಸಿದ್ದಿಯರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರು ಅವರಲ್ಲಿದ್ದಾರೆ, ಕವಂದಿಯನ್ನು ಮೂವರೂ ಹೊಲಿಯುತ್ತಾರೆ. ಅಂಚಿನಿಂದ ಹಿಡಿದು ಸುತ್ತು ಹಾಕುತ್ತ ನಡುವಿಗೆ ಬರುವುದು ಅವರ ಕ್ರಮ. ಮೂಲೆಗಳಿಗೆ ಮಡಿಚಿದ ಮುಕ್ಕೋನದ ಚೂರು ಸೇರಿಸುತ್ತಾರೆ, ಅದಕ್ಕೆ ಹೂವು ಅಂತ ಹೆಸರು. ಹೂವಿಲ್ಲದ ಕವಂದಿ ಬತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವರ ನಡುವೆ ಓಡಾಡಿ ಸಂಘ ಕಟ್ಟಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನ ಷಾಂಬರ್ಗ್ ಕೇಂದ್ರದ ಗೋಡೆಗೆ ಕವಂದಿ ಏರಿತು. ಅದನ್ನು ಹೊಲಿದವರ ಹೆಸರು ನಮ್ಮ ಸರ್ಕಾರದ ಪರಿಶಿಷ್ಟ ಪಂಗಡದ ಪಟ್ಟಿಗೆ ಏರಿದ್ದೇ 2003ರಲ್ಲಿ.

ಅಲಬಾಮ ರಾಜ್ಯದ ಜೀಸ್ ಬೆಂಡ್ ಎಂಬ ಕರಿಯರ ಹಳ್ಳಿಯ ಕತೆ ನಮಗೆ ಇನ್ನೂ ಹತ್ತಿರದ್ದು. ಹತ್ತಿ ತೋಟದ ಗುಲಾಮರ ಮಕ್ಕಳು ಅಲ್ಲಿಯವರು. ಓಟಿನ ಪಟ್ಟಿಗೆ ಹೆಸರು ಬರೆಸಲು ಹೊಳೆ ದಾಟತೊಡಗಿದಾಗ 1962ರಲ್ಲಿ ದೋಣಿಯನ್ನೇ ನಿಲ್ಲಿಸಿಬಿಟ್ಟರು. ಮತ್ತೆ ದೋಣಿ ನೀರಿಗಿಳಿದದ್ದು 2006ರಲ್ಲಿ! 1966ರಲ್ಲಿ ಆ ಸೀಮೆಯ ಹೆಂಗಸರು ಕೌದಿ ಹೊಲಿದು ಮಾರುವ ಸಹಕಾರ ಸಂಘ ಕಟ್ಟಿ ಅದಕ್ಕೆ 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂದು ಹೆಸರಿಟ್ಟರು. ಹೆಸರಲ್ಲೇ ಬಿಡುಗಡೆ ಇದೆ ನೋಡಿ. 2002ರಲ್ಲಿ ಜೀಸ್ ಬೆಂಡಿನ ಕೌದಿಗಳು ಹ್ಯೂಸ್ಟನ್ನಿನ ಕಲಾ ಮ್ಯೂಸಿಯಂ ಸೇರಿದವು. ವಿಮರ್ಶಕರು ಬೆರಗಾದರು, ದೊಡ್ಡ ದೊಡ್ಡ ಅಮೂರ್ತ ಚಿತ್ರಕಾರರಿಗೆ ಹೋಲಿಸಿದರು. 2007ರಲ್ಲಿ ಹೊಲಿದವರಲ್ಲೇ ಕೆಲವರು ಕೋರ್ಟಿಗೆ ಹೋದರು, ನಮಗೆ ಸಲ್ಲಬೇಕಾದ ಪಾಲು ಸಂದಿಲ್ಲ ಅಂತ. ಮರುವರ್ಷ ರಾಜಿಯಾಯಿತು. ಬೆರಗಿನ ವಿಮರ್ಶೆಗೆ ಈ ಪಾಲಿನ ಮಾತು ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕು? ಅದು ನೋಡಿದ್ದು ಬಣ್ಣವನ್ನು.

ಇತ್ತ ಕನ್ನಡ ವಿಮರ್ಶೆ ಮಾಡಿದ್ದೇನು? ನವ್ಯರಿಗೆ ಪದ್ಯದ ನೇಯ್ಗೆ, ಹೆಣಿಗೆ, ಬಂಧ ಎಂಬ ಮಾತುಗಳೆಲ್ಲ ಬೇಕಿದ್ದವು. ನೇಯುವವನು, ಹೊಲಿಯುವವಳು ಬೇಕಿರಲಿಲ್ಲ. ದಲಿತ-ಬಂಡಾಯದ ಪದ್ಯಗಳಿಗೆ ಬೊಂತೆ ಬಂತೇನೋ ನಿಜ. ಆದರೆ 'ಹರಕು' ಎಂಬ ವಿಶೇಷಣ ಹೊತ್ತುಕೊಂಡೇ ಬಂತು. ಹರಕು ಬೊಂತೆ, ಮುರುಕು ಗುಡಿಸಲು, ಬತ್ತಿದ ಮೊಲೆ ಎಂದು ಒಂದೇ ಉಸಿರಿಗೆ ಬರೆದು ಮುಂದಕ್ಕೆ ಹೋಗುವ ಕವಿಗಳು ಇವತ್ತೂ ಇದ್ದಾರೆ. ಅಲ್ಲ ಗೆಳೆಯರೇ, ಹರಕನ್ನು ಹೊಲಿದು ಹರಕಲ್ಲದ್ದು ಮಾಡಿದ್ದಕ್ಕೆ ತಾನೆ ಅದು ಬೊಂತೆ? ಮ್ಯೂಸಿಯಮ್ಮಿನವನಿಗೆ ಅದು ಬರೀ ಚೆಲುವು, ನಮ್ಮ ಕವಿಗೆ ಬರೀ ಬಡತನ. ಸೂಜಿ ಹಿಡಿದ ಬೆರಳು ಇಬ್ಬರಿಗೂ ಕಾಣದು.

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿಗೆ ಜನ ನಡೆದು ಹೋಗುತ್ತಾರೆ. (ಕೌದಳ್ಳಿಗೂ ಕೌದಿಗೂ ನಂಟಿದೆ ಅಂತ ನಾನು ಹೇಳುತ್ತಿಲ್ಲ, ಕಿವಿಗೆ ಹಿತವಾಯಿತು ಅಷ್ಟೆ.) ನಮ್ಮ ಹೆಂಗಸರು ಬೊಂತೆ ಹೊತ್ತು ಬೆಟ್ಟ ಹತ್ತುವ ಪರಿ ಇದು. ಹೊಲಿಯೋದಕ್ಕಲ್ಲ, ಹೊದೆಯೋದಕ್ಕೆ. ಹೊಲಿಯುವ ಶಿಬಿರ ನಡೆಯುವುದು ಕೇರಿಯಲ್ಲಿ, ಸುಗ್ಗಿ ಮುಗಿದು ಕೂಲಿ ಇಲ್ಲದ ಬೇಸಿಗೆಯ ಮಧ್ಯಾಹ್ನಗಳಲ್ಲಿ, ಜಗುಲಿ ಮೇಲೆ, ಮರದ ನೆಳಲಲ್ಲಿ. "ಒಂದ್ ಬೊಂತ ಹೊಲ್ಕೊಡು ಕನವ್ವ, ಕೂಸ್ಗ ಸೀತ ಆಯ್ತದ" ಅಂದರೆ ಸಾಕು. ಮೇಲೊಂದು ಕೆಳಗೊಂದು ಹಳೇ ಸೀರೆ, ನಡುವೆ ಪಂಚೆ, ಲುಂಗಿ, ಲಂಗದ ಚೂರು. ನೆಲಕ್ಕೆ ಹಾಸಿ, ಸುಕ್ಕು ಬಿಡಿಸಿ, ಇಬ್ಬರೋ ಮೂವರೋ ಒಂದೊಂದು ಕಡೆ ಕೂತು ಬೆರಳಗಲ ಬಿಟ್ಟು ಸಾಲು ಎಳೆಯುತ್ತಾರೆ. ಯಾರ ಸಾಲು ಸೊಟ್ಟ ಅನ್ನೋದು ಆಮೇಲೂ ತಿಳಿಯುತ್ತೆ. ಅದು ಸಹಿ.

ಈ ಬಟ್ಟೆಗಳಿಗೆ ಚರಿತ್ರೆ ಇದೆ. ಒಂದು ಚೂರು ಮೇಲಿನ ಬೀದಿಯ ಒಡತಿ ಕೂಲಿಯ ಜೊತೆಗೆ ಎಸೆದ ಸೀರೆಯದು, ಇನ್ನೊಂದು ಸತ್ತ ಗಂಡನ ಪಂಚೆ, ಮತ್ತೊಂದು ಇಸ್ಕೂಲು ಬಿಟ್ಟ ಹುಡುಗಿಯ ನೀಲಿ ಲಂಗ. ಚಂಡಾಲರಿಗೆ ಹೆಣದ ಬಟ್ಟೆಯೇ ಉಡುಗೆಯಾಗಲಿ ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯ ಹೇಳುತ್ತದೆ. ಅದೇ ಹೆಣದ ಬಟ್ಟೆಯನ್ನು, ಕಸದ ಚಿಂದಿಯನ್ನು ಬುದ್ಧನ ಭಿಕ್ಕುಗಳು ತಾವಾಗಿ ಆಯ್ದು ತೊಳೆದು ಹೊಲಿದು ಉಟ್ಟರು. ಮಗಧದ ಗದ್ದೆಗಳನ್ನು, ಬದುಗಳನ್ನು ತೋರಿಸಿ ಚೀವರವನ್ನು ಹೀಗೆ ಮಾಡಬಹುದೇ ಎಂದು ಬುದ್ಧ ಆನಂದನನ್ನು ಕೇಳಿದ ಕತೆ ವಿನಯಪಿಟಕದಲ್ಲಿದೆ. ಆನಂದ ಹಾಗೇ ತುಂಡು ಜೋಡಿಸಿ ಹೊಲಿದು ತೋರಿಸಿದ. ಮನು ಹೇರಿದ ಚಿಂದಿಯಲ್ಲಿ ಬುದ್ಧ ಗದ್ದೆಯ ನಕ್ಷೆ ಕಂಡ. 1956ರಲ್ಲಿ ಬಾಬಾಸಾಹೇಬರು ಯಾವ ದಾರಿ ಹಿಡಿದರೆಂದು ಈ ಪುಟದ ಓದುಗರಿಗೆ ಹೇಳಬೇಕಾಗಿಲ್ಲ. ಭೂಮಿಯಿಲ್ಲದ ಹೆಂಗಸು ಚೂರಿಗೆ ಚೂರು ಬದು ಹಾಕಿ ಹೊಲಿದದ್ದನ್ನು ಆ ಕಣ್ಣಿನಿಂದ ಓದಿದ ಕನ್ನಡ ವಿಮರ್ಶೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಯಳಂದೂರಿನ ಬಿಳಿಗಿರಿರಂಗನಿಗೆ ಮಾದಿಗರು ಹೊಲಿದು ಒಪ್ಪಿಸುವ ದೊಡ್ಡ ತೊಗಲಿನ ಪಾದುಕೆಗಳಿವೆ. ಭಕ್ತರು ಅದರಿಂದ ತಲೆ ಮುಟ್ಟಿಸಿಕೊಳ್ಳುತ್ತಾರೆ. ಎಲ್ಲ ಜಾತಿಯ ತಲೆಗಳೂ ಬಗ್ಗುತ್ತವೆ. ಹೊಲಿಗೆಗೆ ಬಗ್ಗಿದ ತಲೆ ಹೊಲಿದವನ ಕೇರಿಯಲ್ಲಿ ನೀರು ಕುಡಿಯುತ್ತದೆಯೇ ಅಂತ ಕೇಳಿ ನೋಡಿ. ಹೊಲಿಗೂ ಹೊಲೆಗೂ ಗುಡಿಸು, ಎತ್ವದಷ್ಟೇ ವ್ಯತ್ಯಾಸ, ಮೇಷ್ಟರುಗಳು ಗಮನಿಸಬೇಕು.

ಕೊಳ್ಳೇಗಾಲದ ರೇಷ್ಮೆ ಸೀರೆಗೆ ಊರಿನ ಹೆಸರಿದೆ, ಅಂಗಡಿಯಿದೆ, ಬೆಲೆಯಿದೆ. ಬೊಂತೆಗೆ ಅದೊಂದೂ ಇಲ್ಲ, ಹೀಗಾಗಿ ಬರೆದಿಡುವ ಕೆಲಸ ನಮ್ಮ ಮೇಲೆ ಬಿದ್ದಿದೆ. ಈ ಮೂರು ತಾಲ್ಲೂಕಿನ ಶಾಲೆಗಳಲ್ಲಿರುವ ಗೆಳೆಯರು ಮಕ್ಕಳ ಕೈಲಿ ಅವರವರ ಮನೆಯ ಬೊಂತೆ ಬಿಡಿಸಿಸಿ, ಯಾವ ಚೂರು ಯಾರದು, ಹೊಲಿದವರು ಯಾರು ಎಂದು ಅಜ್ಜಿಯರ ಬಾಯಲ್ಲೇ ಕೇಳಿ ಬರೆಸಲಿ. ಬೇಗ ಆಗಬೇಕು. ಗಾಡಿಯಲ್ಲಿ ಬರುವ ರಗ್ಗು ಅಗ್ಗವಾಗಿ ಸಿಗುತ್ತಿದೆ, ಹತ್ತಿ ಸೀರೆ ಉಡುವವರು ಕಮ್ಮಿಯಾದರು. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಸಾಲು ನಿಲ್ಲುವುದಿಲ್ಲ, ಹೊದ್ದರೆ ಬೆವರುತ್ತದೆ.